ಬೆಳಗಿನ ಜಾವದವರೆಗೂ ಹಾರ್ಮೋನಿಯಂ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನೋಡಲು ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಹಣ ತೆರಬೇಕಾದವರು ಪಾತ್ರಧಾರಿಗಳು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈಂಧವನಿಗೆ ಇಷ್ಟು ಎಂದು ಪಾತ್ರದ ತೂಕ ನೋಡಿ ಮೊತ್ತ ನಿಗದಿಯಾಗುತ್ತದೆ. ತೂಕವೆಂದರೆ ಮಹಾಭಾರತದಲ್ಲಿ ಆ ಪಾತ್ರಕ್ಕಿರುವ ಮಹತ್ವವಲ್ಲ. ಅದಕ್ಕೆ ಎಷ್ಟು ಹಾಡುಗಳಿವೆ, ರಂಗದ ಮೇಲೆ ಎಷ್ಟು ಹೊತ್ತು ನಿಲ್ಲಬಹುದು ಎಂಬುದು. ಧರ್ಮರಾಯನಿಗಿಂತ ದುರ್ಯೋಧನ ದುಬಾರಿಯಾಗುವುದು ಹೀಗೆ. ಕೃಷ್ಣನ ಪಾತ್ರಕ್ಕೆ ಆಸೆಪಡುವವರು ಹೆಚ್ಚಾದರೆ ಅದನ್ನು ಹಂಚಿಕೊಡುವ ರೂಢಿಯೂ ಉಂಟು. ಕರಪತ್ರದಲ್ಲಿ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂದು ಅಚ್ಚಾಗುವುದು ಹೊರಗಿನವರಿಗೆ ತಮಾಷೆಯಾಗಿ ಕಂಡೀತು, ಊರಿನವರಿಗಲ್ಲ.

ಹೀಗೆ ಕೂಡಿದ ಹಣದಲ್ಲಿ ಸೀನರಿಯ ಬಾಡಿಗೆ, ವೇಷಭೂಷಣ, ಮೈಕು, ದೀಪ, ಹಾರ್ಮೋನಿಯಂ ಮೇಷ್ಟರ ಗೌರವಧನ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲವೂ ಸಾಗಬೇಕು. ರಾಗಿ, ಕಡಲೆಕಾಯಿ ಮನೆಗೆ ಬಂದ ಮೇಲೆ, ಜಾತ್ರೆಗಳ ಕಾಲದಲ್ಲಿ ಇಂಥ ರಾತ್ರಿಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಹಗಲು ಹೊಲ ಉಳುವವರು, ಶಾಲೆಯಲ್ಲಿ ಪಾಠ ಹೇಳುವವರು, ಬಸ್ಸು ಓಡಿಸುವವರು ಆ ರಾತ್ರಿ ಕಿರೀಟ ಧರಿಸಿ ಕಾಪಿ, ಮೋಹನ, ಕಲ್ಯಾಣಿ ರಾಗಗಳಲ್ಲಿ ಹಾಡುತ್ತಾರೆ.

ಇದನ್ನು ನಾಟಕವೆಂದು ಕರೆಯುವುದು ರೂಢಿ. ಆದರೆ ಜನ ಕುಳಿತಿರುವುದು ಕಥೆಗಾಗಿ ಅಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರಲಾರ ಎಂಬುದು ಮುಂದಿನ ಸಾಲಿನ ಮಕ್ಕಳಿಗೂ ಗೊತ್ತು. ಅವರು ಕಾಯುವುದು ಇಂಥ ದೃಶ್ಯದ ಇಂಥ ಹಾಡಿಗೆ. ಅದು ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ಬಿದ್ದು ಸತ್ತ ಪಾತ್ರ ಎದ್ದು ನಿಂತು, ಇನ್ನೊಮ್ಮೆ ಹಾಡಿ, ಮತ್ತೆ ಸತ್ತಿತೆಂಬ ಕಥೆಯಂತೂ ಕಂಪನಿ ನಾಟಕದ ಕಾಲದಿಂದ ಹೇಳಿಕೊಂಡು ಬಂದದ್ದು. ನೆಂಟರಿಷ್ಟರು ನಡುವೆಯೇ ರಂಗವೇರಿ ಕೀಚಕನಿಗೋ ಶಕುನಿಗೋ ನೋಟಿನ ಹಾರ ಹಾಕಿ ಇಳಿಯುತ್ತಾರೆ. ಪಟ್ಟಣದ ರಂಗಪ್ರೇಮಿಗಳು ರಸಭಂಗವೆಂದು ಮುಖ ಸಿಂಡರಿಸುವ ಈ ಎಲ್ಲವೂ ಸಂಗೀತ ಕಛೇರಿಯೆಂದು ಭಾವಿಸಿ ನೋಡಿದರೆ ಸಹಜವಾಗಿಯೇ ತೋರುತ್ತದೆ.

ರಾತ್ರಿಯಿಡೀ ಹಾಡು ಕೇಳುವ ಅಭ್ಯಾಸ ಈ ಸೀಮೆಗೆ ನಾಟಕದಿಂದ ಬಂದದ್ದಲ್ಲ. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಶ್ರದ್ಧಾಕೇಂದ್ರ. ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥೆಯನ್ನು ಅವರು ‘ಗಣೆ’ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ನುಡಿಸುತ್ತ ಹಾಡಿಕೊಂಡು ಬಂದಿದ್ದಾರೆ. ಇನ್ನೊಂದೆಡೆ ತುಮಕೂರು ಜಿಲ್ಲೆ ಮೂಡಲಪಾಯ ಯಕ್ಷಗಾನದ ನೆಲೆಗಳಲ್ಲಿ ಒಂದು. ಮುಖವೀಣೆ, ಮದ್ದಳೆ, ತಾಳಗಳ ಆ ಆಟದಲ್ಲಿ ಹಾಡಿನ ಮುಖ್ಯ ಭಾರ ಭಾಗವತರದು. ನಾಟಕ ಬಂದು ಆ ಭಾರವನ್ನು ಪಾತ್ರಧಾರಿಗಳ ಕೊರಳಿಗೆ ದಾಟಿಸಿತು. ಪಾತ್ರ ಸಿಕ್ಕವನೇ ಗಾಯಕ ಎಂದಾದ ಮೇಲೆ ಪಾತ್ರಕ್ಕೆ ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬದಲಾವಣೆಯ ಹಿಂದೆ ಇದ್ದದ್ದು ಅದೇ ಜಿಲ್ಲೆಯ ಗುಬ್ಬಿ. ಅಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೇ ಮುಂದೆ ಗುಬ್ಬಿ ಕಂಪನಿಯೆಂದು ಮನೆಮಾತಾಯಿತು. ಬಾಲನಟನಾಗಿ ಸೇರಿದ ವೀರಣ್ಣನವರು ಅದರ ಒಡೆಯರಾದರು. 1972ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕನ್ನಡ ರಂಗಭೂಮಿಗೇ ಇನ್ನೊಂದು ಹೆಸರಾಗಿದ್ದರು. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಬಂದದ್ದು ಈ ಕಂಪನಿಯ ಗರಡಿಯಿಂದಲೇ. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಕಂಪನಿ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿ ಆಡಿತೆಂಬುದು ಪ್ರಸಿದ್ಧ. ಹಳ್ಳಿಗಳಿಗೆ ಆನೆ ತರುವ ಶಕ್ತಿ ಇರಲಿಲ್ಲ. ಆದರೆ ಹಾಡನ್ನು ಹೊತ್ತು ತರಲು ಒಂದು ಪೆಟ್ಟಿಗೆ ಸಾಕಿತ್ತು.

ಆ ಪೆಟ್ಟಿಗೆಯೇ ಹಾರ್ಮೋನಿಯಂ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೈನ್ ಎಂಬಾತ ರೂಪಿಸಿದ ಈ ವಾದ್ಯದ ಹೊಸ ರೂಪ, ಕಾಲಿನಿಂದ ತಿದಿ ಒತ್ತುವ ಬದಲು ಕೈಯಿಂದ ಒತ್ತುವಂಥದ್ದು, 1875ರ ಸುಮಾರಿಗೆ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ ಅವರ ಅಂಗಡಿಯಲ್ಲಿ ಸಿದ್ಧವಾಯಿತು. ನೆಲದ ಮೇಲೆ ಕುಳಿತು ನುಡಿಸಬಹುದಾದ, ಎತ್ತಿನ ಗಾಡಿಯಲ್ಲಿ ಸಾಗಿಸಬಹುದಾದ, ಪದೇ ಪದೇ ಶ್ರುತಿ ಮಾಡಬೇಕಿಲ್ಲದ ವಾದ್ಯವಿದು. ಶಾಸ್ತ್ರೀಯ ಸಂಗೀತಗಾರರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಕೀಲಿಗಳ ನಡುವಿನ ಸೂಕ್ಷ್ಮ ಸ್ವರಗಳಾಗಲಿ, ಗಮಕವಾಗಲಿ ಇದರಲ್ಲಿ ಹುಟ್ಟದು ಎಂಬುದು ಅವರ ಆಕ್ಷೇಪ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದು ಸಡಿಲವಾದದ್ದು 1971ರಲ್ಲಿ. ರೇಡಿಯೋದಲ್ಲಿ ಬಾಯಿ ಕಟ್ಟಿದ್ದ ಆ ಮೂವತ್ತೊಂದು ವರ್ಷವೂ ಹಳ್ಳಿಯ ರಂಗಮಂಟಪಗಳಲ್ಲಿ ಅದು ದೊರೆಯಂತೆ ಮೆರೆದದ್ದು ಒಂದು ವಿಚಿತ್ರ.

ಹಾರ್ಮೋನಿಯಂ ಮೇಷ್ಟರೆಂದರೆ ಬರೀ ವಾದಕರಲ್ಲ. ಪಾತ್ರ ಹಂಚುವವರು, ಮಾತು ಕಲಿಸುವವರು, ತಾಳ ತಪ್ಪಿದರೆ ಗದರುವವರು ಎಲ್ಲ ಅವರೇ. ಎರಡು ಮೂರು ತಿಂಗಳು ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗುಲಿಯಲ್ಲೋ ದಿನವೂ ಊಟವಾದ ಮೇಲೆ ತಾಲೀಮು ನಡೆಯುತ್ತದೆ. ನಾಟಕದ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ, ಇಂಥ ಹಾಡಿನ ‘ಮಟ್ಟು’ ಎಂದು ಅಚ್ಚಾಗಿರುತ್ತದೆ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ, ಹತ್ತಲು ಅವಕಾಶವೂ ಇಲ್ಲದ ಎಷ್ಟೋ ಮಂದಿ ಭೀಮಪಲಾಸ್, ಬೇಹಾಗ್ ಎಂಬ ಹೆಸರುಗಳನ್ನು ಸಲೀಸಾಗಿ ಹೇಳುವುದು ಈ ಪಾಠದ ಫಲ. ಹಳ್ಳಿಗಾಡಿನ ಸಂಗೀತ ಶಿಕ್ಷಣದ ಚರಿತ್ರೆ ಬರೆಯುವವರು ಈ ಮೇಷ್ಟರುಗಳನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆಯಾದೀತು.

ಇಲ್ಲಿನ ಗಾಯನದ ಏರುದನಿಗೂ ಒಂದು ಕಾರಣವಿದೆ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಿಸಬೇಕಾದರೆ ಎತ್ತರದ ಶ್ರುತಿಯಲ್ಲೇ ಹಾಡಬೇಕಿತ್ತು. ಇಂದು ಸೌರ ಉದ್ಯಾನಕ್ಕೆ ಹೆಸರಾಗಿ 2,050 ಮೆಗಾವಾಟ್ ಸಾಮರ್ಥ್ಯ ಹೊಂದಿರುವ ಪಾವಗಡದಲ್ಲೂ ಒಂದು ಕಾಲಕ್ಕೆ ನಾಟಕ ನಡೆದದ್ದು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ. ಮೈಕು ಬಂದ ಮೇಲೂ ಶ್ರುತಿ ಮಾತ್ರ ಇಳಿಯಲಿಲ್ಲ.

ಪಾವಗಡದ ಮಾತು ಸ್ವಲ್ಪ ಬೇರೆ. ಸುತ್ತಲೂ ಬಹುಪಾಲು ಆಂಧ್ರದ ನೆಲವೇ ಇರುವ ಈ ತಾಲ್ಲೂಕಿನಲ್ಲಿ ತೆಲುಗು ಮನೆಯ ಭಾಷೆಯಾಗಿರುವವರು ಬಹಳ. ತಿರುಪತಿ ವೆಂಕಟ ಕವುಲು ಅವರ ಪಾಂಡವೋದ್ಯೋಗದ ನಾಟಕಗಳಿಂದ ಹರಡಿದ ತೆಲುಗು ಪದ್ಯನಾಟಕದ ರುಚಿ ಗಡಿಯ ಈಚೆಗೂ ಇಳಿದಿದೆ. ಅಲ್ಲಿ ಪದ್ಯವನ್ನು ತಾಳದ ಹಂಗಿಲ್ಲದೆ ಎಳೆದು, ಕೊನೆಯ ಅಕ್ಷರದ ಮೇಲೆ ಉಸಿರಿರುವವರೆಗೂ ರಾಗ ಬೆಳೆಸುವುದೇ ಕಲೆಗಾರಿಕೆ. ಆ ಅಭ್ಯಾಸದ ಕಿವಿ ಕನ್ನಡ ನಾಟಕದಲ್ಲೂ ಅದನ್ನೇ ಬಯಸುತ್ತದೆ.

ಈ ಇಡೀ ವ್ಯವಸ್ಥೆಯಲ್ಲಿ ಹಣ ಕೊಡದೆ, ಹಣ ಪಡೆದು ಹಾಡುವವರು ಸ್ತ್ರೀ ಪಾತ್ರಧಾರಿಗಳು. ಹಿಂದೆ ಗಂಡಸರೇ ಸೀರೆ ಉಡುತ್ತಿದ್ದರು. ಕಂಪನಿಗಳಲ್ಲಿ ನಟಿಯರು ಬಂದ ಮೇಲೆ ಹಳ್ಳಿಗಳೂ ಅವರನ್ನು ಬಯಸಿದವು. ಊರಿನವರು ಮೂರು ತಿಂಗಳು ಕಲಿತದ್ದಕ್ಕೆ ಇವರು ಅದೇ ಸಂಜೆ ಬಸ್ಸಿಳಿದು ಬಂದು ಹೊಂದಿಕೊಳ್ಳಬೇಕು. ಒಂದೇ ರಾತ್ರಿ ದ್ರೌಪದಿಯೂ ಉತ್ತರೆಯೂ ಆಗಬೇಕಾದೀತು. ಎದುರಿನ ದುರ್ಯೋಧನ ಮಾತು ಮರೆತರೆ ಮೆಲ್ಲಗೆ ನೆನಪಿಸುವುದೂ, ಶ್ರುತಿ ಬಿಟ್ಟರೆ ತಮ್ಮ ದನಿಯಿಂದ ಎಳೆದು ತರುವುದೂ ಅವರ ಪಾಲಿನ ಕೆಲಸವೇ. ರಾತ್ರಿಯ ಸಂಗೀತ ನಿಂತಿರುವುದು ಮೇಷ್ಟರು ಮತ್ತು ಇವರ ಮೇಲೆ. ಕರಪತ್ರದಲ್ಲಿ ದೊಡ್ಡದಾಗಿ ಹೆಸರು ಹಾಕುವ ಊರುಗಳು ಬಣ್ಣ ಬದಲಿಸಲು ಅವರಿಗೊಂದು ಮರೆಯನ್ನು ಒದಗಿಸುವಲ್ಲಿ ಮಾತ್ರ ಹಿಂದೆ ಬೀಳುತ್ತವೆ.

ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಸಿನಿಮಾ ಹಾಡಿನ ರಸಮಂಜರಿ ತಾಲ್ಲೂಕು ಕೇಂದ್ರಗಳನ್ನು ಬಹುಬೇಗ ಗೆದ್ದಿತು. ಅಲ್ಲಿಂದ ಕೀಬೋರ್ಡು, ರಿದಂ ಪ್ಯಾಡುಗಳು ನಾಟಕದ ಹಿಮ್ಮೇಳಕ್ಕೂ ನುಸುಳಿವೆ. ಯುದ್ಧದ ಸದ್ದಿಗೆ ಅವು ಅನುಕೂಲವೇ. ಆದರೆ ಮರೆತ ಸಾಲಿಗಾಗಿ ತಡವರಿಸುವ ರೈತನೊಬ್ಬನನ್ನು ಕಾಯುತ್ತ, ಅವನ ಉಸಿರಿನ ಅಳತೆಗೆ ತಿದಿ ಒತ್ತುವುದು ಹಾರ್ಮೋನಿಯಂ ಮೇಷ್ಟರಿಗೆ ಒಲಿದ ವಿದ್ಯೆ.

ಹೆಚ್ಚಿನ ತೊಡಕು ಬಂದಿರುವುದು ಗಡಿಯಾರದಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು, ಅಷ್ಟೇ. 2022ರಲ್ಲಿ ಕಟೀಲಿನ ಯಕ್ಷಗಾನ ಮೇಳಗಳು ಕಾಲಮಿತಿಗೆ ಹೊರಳಿದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬಯಲುಸೀಮೆಯ ನಾಟಕಗಳಿಗೆ ಅಂಥ ದೊಡ್ಡ ಮೇಳವಾಗಲಿ, ಅವುಗಳ ಪರ ಮಾತಾಡುವವರಾಗಲಿ ಇಲ್ಲ. ಪಕ್ಕದ ಮನೆಯ ರೋಗಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ನಿದ್ದೆ ಬೇಕೆಂಬುದೂ ನ್ಯಾಯವೇ. ಆದರೆ ಪಾತ್ರಕ್ಕೆ ಹಣ ಕಟ್ಟಿದವರ ಲೆಕ್ಕ ಬೇರೆ. ಹೊತ್ತು ಕಡಿತವಾದರೆ ಹಾಡುಗಳು ಕಡಿತವಾಗುತ್ತವೆ, ಮೊದಲು ಹೋಗುವುದು ಚಿಕ್ಕ ಪಾತ್ರಗಳ ಹಾಡು.

ಶನಿಮಹಾತ್ಮನ ದೇವಸ್ಥಾನಕ್ಕೆ ಪ್ರಸಿದ್ಧವಾದ ಪಾವಗಡದ ಸೀಮೆಗೆ ಹತ್ತಿರವಾದ ‘ರಾಜವಿಕ್ರಮ ಅಥವಾ ಶನಿಪ್ರಭಾವ’ ನಾಟಕವನ್ನೇ ನೋಡಿ. ಶನಿಯನ್ನು ಹೀಗಳೆದ ವಿಕ್ರಮರಾಜ ರಾಜ್ಯ ಕಳೆದುಕೊಂಡು, ಕಳ್ಳತನದ ಆರೋಪ ಹೊತ್ತು, ಕೈಕಾಲು ಕತ್ತರಿಸಿಕೊಂಡು ಗಾಣಿಗನ ಮನೆ ಸೇರುತ್ತಾನೆ. ಗಾಣದ ಮೇಲೆ ಕುಳಿತು ಒಂದು ರಾತ್ರಿ ಅವನು ದೀಪಕ ರಾಗ ಹಾಡಿದಾಗ ಊರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ. ಉಪ್ಪರಿಗೆಯ ರಾಜಕುಮಾರಿ ಎದ್ದು ಕುಳಿತು ಹಾಡುವವನು ಯಾರೆಂದು ಕೇಳುತ್ತಾಳೆ. ಪ್ರೇಕ್ಷಕರು ಕಾದಿರುವುದು ಆ ಹಾಡಿಗೇ. ಒಂಬತ್ತಕ್ಕೋ ಹತ್ತಕ್ಕೋ ಗಣಪತಿ ಪ್ರಾರ್ಥನೆಯಾಗಿ, ನವಗ್ರಹಗಳ ಸಭೆ ಮುಗಿದು, ಏಳೂವರೆ ವರ್ಷದ ಕಾಟ ಹಂತ ಹಂತವಾಗಿ ನಡೆದು ಗಾಣದ ದೃಶ್ಯ ಬರುವಾಗ ರಾತ್ರಿ ಎರಡು ದಾಟಿರುತ್ತದೆ. ಹನ್ನೆರಡಕ್ಕೆ ಮೈಕು ನಿಂತರೆ ವಿಕ್ರಮ ಇನ್ನೂ ಗಾಣಿಗನ ಮನೆಯ ದಾರಿಯಲ್ಲೇ ಇರುತ್ತಾನೆ.