ರಾಜಧಾನಿಯಾಗದ ರಾಯರ ಹುಬ್ಬಳ್ಳಿ

ಊರಿನ ಚರಿತ್ರೆ ಎಂದ ಕೂಡಲೇ ಅರಮನೆ, ಕೋಟೆ, ಪಟ್ಟಾಭಿಷೇಕಗಳನ್ನು ಹುಡುಕುವುದು ನಮ್ಮ ರೂಢಿ. ಬಾದಾಮಿ, ಕಲ್ಯಾಣ, ವಿಜಯನಗರಗಳ ಕಥೆಯನ್ನು ಅಲ್ಲಿ ಆಳಿದವರೇ ಕಲ್ಲಿನಲ್ಲಿ ಕೆತ್ತಿಸಿಟ್ಟರು. ಹುಬ್ಬಳ್ಳಿಯಲ್ಲಿ ಸಿಂಹಾಸನವಿರಲಿಲ್ಲ, ಆದ್ದರಿಂದಲೇ ಅದರ ಚರಿತ್ರೆಯನ್ನು ರೈಲಿನಿಂದ ಆರಂಭಿಸುವವರು ಬಹಳ. ರಾಯರ ಹುಬ್ಬಳ್ಳಿ ಎಂದು ಕರೆಸಿಕೊಂಡ ಹಳೇ ಹುಬ್ಬಳ್ಳಿಗೆ ಇದರಿಂದ ಅನ್ಯಾಯವಾಗಿದೆ. ವಿಜಯನಗರದ ಕಾಲಕ್ಕೇ ಇಲ್ಲಿ ಅರಳೆ, ಪೆಟ್ಲುಪ್ಪು, ಕಬ್ಬಿಣದ ವ್ಯಾಪಾರವಿತ್ತು. ಆಳುವವರ ರಾಜಧಾನಿ ಹಂಪಿಯಿಂದ ಬಿಜಾಪುರಕ್ಕೆ, ಮುಂದೆ ಪುಣೆಗೆ ಬದಲಾದರೂ ಪೇಟೆ ಕದಲಲಿಲ್ಲ. ಈ ಊರಿನ ಕಥೆ ಶುರುವಾಗಬೇಕಾದದ್ದು ಆ ಪೇಟೆಯಿಂದ.

ಇದಕ್ಕೆ ದೊಡ್ಡ ಸಾಕ್ಷಿ ಒಂದು ತಕರಾರಿನ ದಾಖಲೆ. 1673ರಲ್ಲಿ, ಊರು ಆದಿಲಶಾಹಿಗೆ ಸೇರಿದ್ದಾಗ, ಶಿವಾಜಿಯ ಸೈನ್ಯ ಹುಬ್ಬಳ್ಳಿಯ ಪೇಟೆಯನ್ನು ಕೊಳ್ಳೆ ಹೊಡೆಯಿತು. ಇಲ್ಲಿದ್ದ ಇಂಗ್ಲಿಷರ ಕೋಠಿಯೂ ಲೂಟಿಯಾಯಿತೆಂದು ಈಸ್ಟ್ ಇಂಡಿಯಾ ಕಂಪನಿ ಪರಿಹಾರ ಕೇಳಿತು. ತನ್ನ ಜನ ಇಂಗ್ಲಿಷರನ್ನು ಮುಟ್ಟಿಲ್ಲವೆಂಬುದು ಶಿವಾಜಿಯ ಉತ್ತರ. ಇದಕ್ಕೂ ಮೊದಲು ಹೀಗೆಯೇ ಲೂಟಿಯಾಗಿದ್ದ ರಾಜಾಪುರದ ಕೋಠಿಯ ನಷ್ಟಕ್ಕೆ 1674ರಲ್ಲಿ ಒಪ್ಪಂದವಾಯಿತು, ಹುಬ್ಬಳ್ಳಿಯದು ತಕರಾರಾಗಿಯೇ ಉಳಿಯಿತು. ಪರಿಹಾರ ಕೇಳುವ ವ್ಯಾಪಾರಿ ಲೆಕ್ಕ ಹಿಗ್ಗಿಸುವುದು ಸಹಜ, ಅಂಥವನ ಮಾತನ್ನು ನಂಬುವುದು ಹೇಗೆ ಎಂದು ಕೇಳಬಹುದು. ಮೊತ್ತವನ್ನು ನಂಬಬೇಕಾಗಿಲ್ಲ. ಕಾರವಾರದ ಬಂದರಿನಲ್ಲಿ ವ್ಯವಹರಿಸುವ ಕಂಪನಿ ಘಟ್ಟ ಹತ್ತಿ ಬಂದು ಇಲ್ಲಿ ಸರಕು ಇಟ್ಟಿತ್ತೆಂಬುದಷ್ಟೇ ನಮಗೆ ಸಾಕು. ಆ ಮಾತನ್ನು ಯಾರೂ ಅಲ್ಲಗಳೆದಿಲ್ಲ. ಬರಿದಾದ ಹಳ್ಳಿಯನ್ನು ಕೊಳ್ಳೆ ಹೊಡೆಯಲು ಸೈನ್ಯ ಬರುವುದೂ ಇಲ್ಲ.

ಹುಬ್ಬಳ್ಳಿಯನ್ನು ಕಟ್ಟಿದ್ದು ಹೊಸ ಊರಿನ ವರ್ತಕರಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಸವಣೂರು ನವಾಬರ ಕಾಲದಲ್ಲಿ ಬಸಪ್ಪ ಶೆಟ್ಟರು ದುರ್ಗದಬೈಲಿನ ಸುತ್ತ ಹೊಸ ಊರು ಕಟ್ಟಿದ ಶ್ರೇಯಸ್ಸನ್ನು ಯಾರೂ ಕಸಿಯಲಾಗದು. ಆದರೆ ಆ ಊರು ಎದ್ದದ್ದು ಹಳೆಯ ಪೇಟೆಯ ಮಗ್ಗುಲಲ್ಲೇ. ಮರಾಠರ ಆಡಳಿತದಲ್ಲಿ ಹಳೇ ಊರು ಪೇಶ್ವೆಯ ಕಡೆಗೆ, ಹೊಸ ಊರು ಸಾಂಗಲಿಯವರ ಕಡೆಗೆ ಹಂಚಿಹೋಯಿತು. ಬ್ರಿಟಿಷರು ಹಳೆಯದನ್ನು 1817ರಲ್ಲಿ ವಶಪಡಿಸಿಕೊಂಡರು. ಹೊಸದು 47 ಹಳ್ಳಿಗಳ ಸಮೇತ ಅವರಿಗೆ ದಕ್ಕಿದ್ದು 1820ರಲ್ಲಿ. ಮಗ್ಗುಲಿನ ಎರಡು ಪೇಟೆಗಳನ್ನು ಇಬ್ಬರು ಒಡೆಯರು ಬೇರೆಬೇರೆಯಾಗಿ ಹಿಡಿದುಕೊಂಡಿದ್ದರೆಂದರೆ ಎರಡರಲ್ಲೂ ಹುಟ್ಟುವಳಿ ಇತ್ತೆಂದೇ ಅರ್ಥ.

ಉಳಿದದ್ದು ರೈಲಿನ ವಾದ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ, ಅದರ ವರ್ಕ್‌ಶಾಪು, ಜಂಕ್ಷನ್ ಊರಿನ ರೂಪವನ್ನೇ ಬದಲಿಸಿದವು ನಿಜ. ಆದರೆ ರೈಲು ಪೇಟೆಯನ್ನು ಹಿಗ್ಗಿಸಿತೇ ಹೊರತು ಹುಟ್ಟಿಸಲಿಲ್ಲ. 1962ರಲ್ಲಿ ಮಹಾನಗರಪಾಲಿಕೆಯಾದ ಹುಬ್ಬಳ್ಳಿ-ಧಾರವಾಡ ಅವಳಿನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 9.4 ಲಕ್ಷ ದಾಟಿತ್ತು. ಇಷ್ಟು ದೊಡ್ಡ ಊರಿಗೆ ಬಂದವರಿಗೆ ನಾವು ತೋರಿಸುವುದು ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು. ಆ ನಿಲ್ದಾಣ ಹೊತ್ತಿರುವುದು ಹಳೇ ಹುಬ್ಬಳ್ಳಿಯ ಮಠದಲ್ಲಿದ್ದು 1929ರಲ್ಲಿ ಸಮಾಧಿಯಾದ ಸಿದ್ಧಾರೂಢರ ಹೆಸರನ್ನು. ಜಾತಿ ಕೇಳದೆ ಅದ್ವೈತ ಹೇಳಿದ ಆ ಮಠಕ್ಕೆ ಜನ ಇಂದಿಗೂ ಬರುತ್ತಾರೆ. ಆದರೆ ಮಠದಾಚೆ ಹಳೇ ಊರಿನ ಓಣಿಗಳಿಗೆ, ಚಾಲುಕ್ಯರ ಕಾಲದ ಭವಾನಿಶಂಕರ ಗುಡಿಗೆ ಕಾಲಿಡುವವರು ಕಡಿಮೆ. ಉಣಕಲ್ಲಿನ ಚಂದ್ರಮೌಳೇಶ್ವರಕ್ಕೆ ಸಿಗುವ ಗಮನದ ಕಾಲುಭಾಗವೂ ಅದಕ್ಕಿಲ್ಲ. ರಾಜಧಾನಿಯಾಗಿದ್ದರೆ ಸರಕಾರವೇ ಫಲಕ ನೆಡಿಸುತ್ತಿತ್ತು. ಪೇಟೆಯಾಗಿದ್ದ ಊರಿನ ದಾಖಲೆಯನ್ನು ಊರವರೇ ಮಾಡಬೇಕು: ಎರಡು ಹುಬ್ಬಳ್ಳಿಗಳ ಹಳೆಯ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿ, 1673ರ ತಕರಾರನ್ನು ಶಾಲೆಯ ಪಾಠಕ್ಕೆ ಸೇರಿಸುವುದರಿಂದ ಆ ಕೆಲಸ ಶುರುವಾಗಲಿ.