ಅಜ್ಜನ ಪಲ್ಟನ್

1

ಚಿಕ್ಕೋಡಿ ತಾಲ್ಲೂಕಿನ ನಮ್ಮ ಊರಲ್ಲಿ ಕೇರಿಯವರು ಅಜ್ಜನನ್ನು 'ಮಿಲ್ಟ್ರಿ ಅಜ್ಜ' ಅನ್ನುತ್ತಿದ್ದರು. ಊರವರು ಮಾತ್ರ ಕಡೇತನಕ ಜಾತಿ ಹೆಸರಿನಿಂದಲೇ ಕೂಗಿದರು. ನಾನು ಹುಟ್ಟುವ ಮೊದಲೇ ಸತ್ತ ಈ ಮನುಷ್ಯನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ದೊಡ್ಡಪ್ಪ ಹೇಳಿದ್ದು: "ನಿಮ್ಮಜ್ಜ ಬರ್ಮಾಕ್ಕ ಹೋಗಿದ್ದಾ. ಜಪಾನಿ ಮಂದೀನ ಗುಂಡ ಹೊಡದು ಓಡಿಸ್ಯಾನ." ಏಪ್ರಿಲ್ 14ರ ಭಾಷಣಗಳಲ್ಲಿ ನಾನೂ ಇದನ್ನು ಹೇಳಿ ಚಪ್ಪಾಳೆ ತಗೊಂಡವನೇ.

ಎರಡು ವರ್ಷದ ಹಿಂದೆ ಹಳೇ ಮನೆ ಕೆಡವುವಾಗ ಟ್ರಂಕಿನಲ್ಲಿ ಅಜ್ಜನ ಬಿಡುಗಡೆ ಕಾಗದ ಸಿಕ್ಕಿತು. ಗೆದ್ದಲು ಹತ್ತಿ ನಂಬರು ಹೋಗಿದೆ, ತಾರೀಖು ಹೋಗಿದೆ. ಉಳಿದದ್ದು ಮೂರೇ ಸಂಗತಿ: ಮಹಾರ್ ರೆಜಿಮೆಂಟ್, 25ನೇ ಬೆಟಾಲಿಯನ್, ಜಾತಿಯ ಕಾಲಂ. ಗೆದ್ದಲಿಗೂ ಜಾತಿ ತಿನ್ನಲಿಕ್ಕೆ ಆಗಲಿಲ್ಲವಲ್ಲೋ ಎಂದು ಗೆಳೆಯರು ನಕ್ಕರು. ನಂಬರಿಲ್ಲದೆ ದಾಖಲೆ ಹುಡುಕಲಾಗದು ಎಂದು ಕಚೇರಿಯೊಂದರಿಂದ ಎರಡು ಸಾಲಿನ ಉತ್ತರ ಬಂತು. ಹಾಗಾಗಿ ಅಜ್ಜನನ್ನು ಹುಡುಕುವುದು ಬಿಟ್ಟು ಅವನ ಪಲ್ಟನ್ನನ್ನು ಹುಡುಕಿದೆ.

2

ಮಹಾರರು ಮೊದಲ ಸಲ ಕೋವಿ ಹಿಡಿದದ್ದು ಎರಡನೇ ಮಹಾಯುದ್ಧದಲ್ಲಲ್ಲ. ಕಂಪನಿ ಸರ್ಕಾರದ ಬಾಂಬೆ ಸೈನ್ಯದಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿದ್ದರು. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ಸತ್ತವರ ಹೆಸರುಗಳು ಭೀಮಾ ಕೋರೆಗಾಂವದ ಕಂಬದ ಮೇಲಿವೆ. ಅವುಗಳಲ್ಲಿ 22 ಹೆಸರು ಮಹಾರರವೆಂದು ಗುರುತಿಸುವುದು 'ನಾಕ' ಎಂಬ ಕೊನೆಯಿಂದ. ಅದೇ ಕಂಬದಲ್ಲಿ ಬೇರೆ ಜಾತಿಯವರೂ ಇದ್ದಾರೆ. ಪೇಶ್ವೆಯ ಕಡೆಗೆ ಅರಬ್ಬರೂ ಹೋರಾಡಿದ್ದರು. ಇದನ್ನು ಮರೆಮಾಚುವ ಅಗತ್ಯ ನಮಗಿಲ್ಲ. 1927ರಲ್ಲಿ ಅಂಬೇಡ್ಕರ್ ಆ ಕಂಬದ ಎದುರು ನಿಂತದ್ದು ಕಂಪನಿಯ ಗೆಲುವನ್ನು ಮೆರೆಸಲಿಕ್ಕಲ್ಲ, ನಮ್ಮವರು ಹೇಡಿಗಳೆಂಬ ಸುಳ್ಳನ್ನು ಮುರಿಯಲಿಕ್ಕೆ.

1857ರ ನಂತರ ಬ್ರಿಟಿಷರು 'ವೀರ ಜನಾಂಗ'ಗಳ ಸಿದ್ಧಾಂತ ಕಟ್ಟಿದರು. ಹುಟ್ಟಿನಿಂದಲೇ ಕೆಲವರು ಶೂರರು, ಉಳಿದವರು ಅಲ್ಲ ಎಂಬ ಈ ವಿಜ್ಞಾನ ನಮಗೆ ಹೊಸದೇನಲ್ಲ. ಮನುವಿಗೆ ಖಾಕಿ ತೊಡಿಸಿದ್ದಷ್ಟೇ. 1890ರ ದಶಕದ ಆರಂಭದಲ್ಲಿ ಮಹಾರರ ನೇಮಕಾತಿ ನಿಂತಿತು. ಏಟು ಬಿದ್ದದ್ದು ಬರೀ ಸಂಬಳಕ್ಕಲ್ಲ. ಅಸ್ಪೃಶ್ಯರ ಮಕ್ಕಳು ಅಕ್ಷರ ಕಲಿತ ಮೊದಲ ಜಾಗಗಳಲ್ಲಿ ದಂಡಿನ ಶಾಲೆಯೂ ಒಂದು. ಅಂಬೇಡ್ಕರರ ತಂದೆ ಸುಬೇದಾರ್ ರಾಮಜಿ ಇಂಥ ಶಾಲೆಯ ಮೇಷ್ಟ್ರು. 1891ರಲ್ಲಿ ಮಗ ಹುಟ್ಟಿದ್ದು ಮಹೂ ದಂಡಿನಲ್ಲಿ. ಆ ಬಾಗಿಲು ಮುಚ್ಚಿತೆಂದು ಮೊದಲು ದನಿ ಎತ್ತಿದವರು ನಿವೃತ್ತ ಸಿಪಾಯಿ ಗೋಪಾಲ ಬಾಬಾ ವಲಂಗಕರ್. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಲಂಡನ್ನಿನ ಭಾರತ ಮಂತ್ರಿಗೆ ಅರ್ಜಿ ಬರೆದರು. ದಲಿತ ಬರವಣಿಗೆಯ ಆರಂಭವನ್ನು ಕಾವ್ಯದಲ್ಲಿ ಹುಡುಕುವ ನಮ್ಮ ವಿಮರ್ಶೆ ಈ ಅರ್ಜಿಗಳನ್ನು ಬರಹವೆಂದು ಓದಿದ್ದು ಕಡಿಮೆ.

1917ರಲ್ಲಿ ಯುದ್ಧಕ್ಕೆ ಜನ ಸಾಲದೆ 111ನೇ ಮಹಾರ್ ಪಲ್ಟನ್ ಕಟ್ಟಿದರು. 1921ರಲ್ಲಿ ಅದು ಇಲ್ಲವಾಯಿತು. ಯುದ್ಧ ಬಂದಾಗ ವೀರರು, ಮುಗಿದ ಮೇಲೆ ಅಸ್ಪೃಶ್ಯರು! ಮತ್ತೆ ಯುದ್ಧ ಬಂದಾಗ, ಅಂಬೇಡ್ಕರರ ಒತ್ತಾಯದ ನಂತರ, 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅದರ ಮೊದಲ ಬಿಲ್ಲೆಯ ಮೇಲೆ ಕೋರೆಗಾಂವದ ಕಂಬವಿತ್ತು. ಜಾತಿಯನ್ನು ಸುಡಬೇಕೆಂದವರೇ ಜಾತಿ ಹೆಸರಿನ ಪಲ್ಟನ್ ಕೇಳಿದ್ದು ವಿರೋಧಾಭಾಸವೇನೋ ಹೌದು. ಆದರೆ ಬಾಗಿಲು ಮುಚ್ಚಿದ್ದು ಜಾತಿಯ ಹೆಸರಿನಲ್ಲಾದ್ದರಿಂದ ಅದೇ ಹೆಸರು ಹಿಡಿದು ತೆರೆಯಬೇಕಾಯಿತು.

3

ಇಲ್ಲಿಯವರೆಗೆ ಹೆಮ್ಮೆಯ ಮಾತು. ತೊಡಕು ಬಂದದ್ದು '25' ಎಂಬ ಅಂಕಿಯಿಂದ. 1ನೇ ಮತ್ತು 3ನೇ ಬೆಟಾಲಿಯನ್‌ಗಳು ವಾಯವ್ಯ ಗಡಿಯಲ್ಲಿದ್ದವು. ಬರ್ಮಾ ಯುದ್ಧದ ಹೆಸರು ಬರುವುದು 2ನೆಯದರ ಜೊತೆ. 1942ರಲ್ಲಿ ಬೆಳಗಾವಿಯಲ್ಲೇ ಕಟ್ಟಿದ 25ನೆಯದನ್ನು ನಿಯೋಜಿಸಿದ್ದು ದೇಶದೊಳಗಿನ ಭದ್ರತೆಗೆ.

ಅಂದರೆ ಅಜ್ಜ ಕಾವಲಿದ್ದದ್ದು ಜಪಾನಿಯರ ವಿರುದ್ಧ ಅಲ್ಲ. 1942 ಎಂದರೆ ಕ್ವಿಟ್ ಇಂಡಿಯಾ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ತಂತಿ ಕತ್ತರಿಸಿ, ಚಾವಡಿ ಸುಟ್ಟ ವರ್ಷ. ರಾಷ್ಟ್ರೀಯ ಚರಿತ್ರೆಯ ಲೆಕ್ಕದಲ್ಲಿ ಅಜ್ಜ ನಿಂತದ್ದು ತಪ್ಪು ಕಡೆಗೆ. ಆದರೆ ಆ ಚಾವಡಿಯ ಒಳಗೆ ಕಾಲಿಡುವ ಹಕ್ಕು ಅವನಿಗೆ ಎಂದಾದರೂ ಇತ್ತೇ? ಚಾವಡಿ ಸುಟ್ಟವರು ಅದರ ಮುಂದೆ ಹಗಲಿರುಳು ಬಿಟ್ಟಿ ಬಿದ್ದಿದ್ದವನ ವತನವನ್ನು ಸುಟ್ಟರೇ? ಈ ಪ್ರಶ್ನೆಗಳಿಂದ ಅಜ್ಜ ಹಿಡಿದ ಸಾಮ್ರಾಜ್ಯದ ಕೋವಿ ಪವಿತ್ರವಾಗುವುದಿಲ್ಲ. ಅವನನ್ನು ದ್ರೋಹಿ ಎನ್ನಲಿಕ್ಕೂ ಆಗುವುದಿಲ್ಲ.

ದೊಡ್ಡಪ್ಪನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೌದಪ್ಪಾ, ಇರಬಹುದು. ಆದರ ಇದನ್ನ ಬರೀಬ್ಯಾಡ. ಊರ ಮಂದಿಗೆ ನಾವಾಗೇ ಕಲ್ಲ ಕೊಟ್ಟಂಗ ಆಗತೈತಿ" ಅಂದ. ಅವನ ಭಯ ಸುಳ್ಳಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮ ಬಗ್ಗೆ ಬೇರೆಯವರು ಕಟ್ಟಿದ ಸುಳ್ಳನ್ನು ಒಡೆಯುವವರು ನಾವೇ ಕಟ್ಟಿಕೊಂಡದ್ದನ್ನು ಉಳಿಸಿಕೊಳ್ಳಲು ಬರುವುದಿಲ್ಲ.

4

ಬರ್ಮಾ ಹೋದ ಮೇಲೆ ನೆನಪಾದದ್ದು ಆಯಿಯ ಮಾತು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಹೇಳಿದ್ದಳು: "ಪಲ್ಟನ್ ಬಿಟ್ಟ ಬಂದ ಮ್ಯಾಲ ನಿಮ್ಮಜ್ಜ ಸತ್ತ ದನಾ ಎಳ್ಯಾಕ ಹೋಗಲಿಲ್ಲ. ಗೌಡ ಕರೆ ಕಳಿಸಿದಾ. ಖಾಕಿ ಕೋಟ ಹಾಕ್ಕೊಂಡ ಚಾವಡಿ ಮುಂದ ನಿಂತು, ನನ್ನ ಡ್ಯೂಟಿ ಮುಗದೈತ್ರಿ ಅಂದಾ. ಒಂದ ವರ್ಷ ಯಾರೂ ನಮ್ಮನ್ನ ಕೂಲಿಗೆ ಕರೀಲಿಲ್ಲ. ನಿಪ್ಪಾಣಿ ತಂಬಾಕದ ವಖಾರಕ್ಕ ಹೋಗಿ ನಾ ಮನಿ ನಡಸಿದೆ."

ಮಹಾರ್ ವತನದ ವಿರುದ್ಧ ಅಂಬೇಡ್ಕರ್ ಮುಂಬೈ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದ್ದು 1928ರಲ್ಲಿ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಇವೆರಡರ ನಡುವೆ ಒಂದು ಚಾವಡಿಯ ಮುಂದೆ ನಡೆದ ಈ ರದ್ದತಿ ಯಾವ ದಾಖಲೆಯಲ್ಲೂ ಇಲ್ಲ. ಅದರ ಬೆಲೆ ತೆತ್ತ ಆಯಿಗೆ ಬಿಡುಗಡೆ ಕಾಗದವೂ ಇಲ್ಲ, ಪದಕವೂ ಇಲ್ಲ. ಅವಳ ಮಾತನ್ನು ನಾನು ಒಂದು ಭಾಷಣದಲ್ಲೂ ಹೇಳಿರಲಿಲ್ಲ. ಗುಂಡಿನ ಸದ್ದಿರಲಿಲ್ಲವಲ್ಲ, ಅದಕ್ಕೇ.

ಮೌಖಿಕ ಚರಿತ್ರೆ ಎಂದರೆ ಹಿರಿಯರು ಹೇಳಿದ್ದೆಲ್ಲ ನಿಜ ಅಂತಲ್ಲ. ದೊಡ್ಡಪ್ಪನ ಮಾತನ್ನು ಕಾಗದ ಸುಳ್ಳಾಗಿಸಿತು. ಆಯಿಯ ಮಾತನ್ನು ಪರೀಕ್ಷಿಸಲು ಕಾಗದವೇ ಇಲ್ಲ. ಆದರೆ ಅಜ್ಜನ ನಂತರ ನಮ್ಮ ಮನೆಯಲ್ಲಿ ಯಾರೂ ಸತ್ತ ದನ ಎಳೆಯಲಿಲ್ಲ. ನನ್ನ ಕೈಯಲ್ಲಿರುವ ಪುರಾವೆ ಅದೊಂದೇ.