ಸಂಗೀತಗಾರರ ಡಿಸ್ಟೋನಿಯಾ ಮತ್ತು ಚಲನೆಯ ಮರುತರಬೇತಿ

ಸಂಗೀತಗಾರರ ಡಿಸ್ಟೋನಿಯಾ ಎಂಬುದು ವಾದ್ಯ ನುಡಿಸುವಾಗ ಬೆರಳು, ಕೈ ಅಥವಾ ತುಟಿಯ ಸ್ನಾಯುಗಳು ಹತೋಟಿ ತಪ್ಪಿ ಮುದುಡುವ ಇಲ್ಲವೆ ಸೆಟೆದುಕೊಳ್ಳುವ ನರಸಂಬಂಧಿ ತೊಂದರೆ. ದೇಹದ ಒಂದೇ ಭಾಗಕ್ಕೆ ಸೀಮಿತವಾದ ಫೋಕಲ್ ಡಿಸ್ಟೋನಿಯಾದ ಬಗೆಗಳಲ್ಲಿ ಇದೂ ಒಂದು. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ಶೇ. 1ರಷ್ಟು ಮಂದಿಗೆ ಇದು ಬರುತ್ತದೆಂದು ಅಂದಾಜಿಸಲಾಗಿದೆ.

ಲಕ್ಷಣ ಮತ್ತು ಕಾರಣ

ಸಾಮಾನ್ಯವಾಗಿ ನೋವಿರುವುದಿಲ್ಲ. ಅದೇ ಬೆರಳುಗಳು ಬರೆಯುವಾಗ, ಉಣ್ಣುವಾಗ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಆದ್ದರಿಂದ ವಾದಕರು ಇದನ್ನು ಸಾಧನೆಯ ಕೊರತೆಯೆಂದು ತಿಳಿದು ಅಭ್ಯಾಸವನ್ನು ಹೆಚ್ಚಿಸುವುದುಂಟು. ಗಂಟೆಗಟ್ಟಲೆ ರಿಯಾಜೇ ಮದ್ದೆಂದು ನಂಬಿದ ಪರಂಪರೆಗಳಲ್ಲಿ ಇದು ಸಹಜವೂ ಹೌದು. ಆದರೆ ತಪ್ಪು ಚಲನೆಯ ಪುನರಾವರ್ತನೆಯಿಂದ ದೋಷ ಇನ್ನಷ್ಟು ಬೇರೂರಬಹುದು. ಮಿದುಳಿನ ಸಂವೇದನಾ ಭಾಗದಲ್ಲಿ ಪ್ರತಿ ಬೆರಳಿಗೂ ತನ್ನದೇ ನೆಲೆಯಿರುತ್ತದೆ. ಡಿಸ್ಟೋನಿಯಾ ಇರುವ ವಾದಕರಲ್ಲಿ ಈ ನೆಲೆಗಳು ಒಂದಕ್ಕೊಂದು ಹತ್ತಿರವಾಗಿರುವುದನ್ನು 1998ರ ಜರ್ಮನ್ ಅಧ್ಯಯನವೊಂದು ತೋರಿಸಿತು.

ಮರುತರಬೇತಿ

ಬೆರಳುಗಳ ಪ್ರತ್ಯೇಕತೆಯನ್ನು ಮಿದುಳಿಗೆ ಹೊಸದಾಗಿ ಕಲಿಸುವುದು ಇದರ ಉದ್ದೇಶ. ವಿಕ್ಟರ್ ಕಾಂಡಿಯಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ದೋಷವಿಲ್ಲದ ಬೆರಳುಗಳಲ್ಲಿ ಒಂದೆರಡನ್ನು ಪಟ್ಟಿಯಿಂದ ಅಲುಗದಂತೆ ಕಟ್ಟಿ, ದೋಷವಿರುವ ಬೆರಳಿನಿಂದ ವಾದ್ಯದ ಮೇಲೆಯೇ ಅಭ್ಯಾಸ ಮಾಡಿಸಲಾಗುತ್ತದೆ. ಇದು ದಿನಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆಯಂತೆ 8 ದಿನ ನಡೆದು, ಬಳಿಕ ಮನೆಯಲ್ಲಿ ತಿಂಗಳುಗಟ್ಟಲೆ ಮುಂದುವರಿಯಬೇಕು. ಪಿಯಾನೊ ಮತ್ತು ಗಿಟಾರ್ ವಾದಕರಲ್ಲಿ ಸುಧಾರಣೆ ಕಂಡುಬಂದರೂ ಸುಷಿರ ವಾದ್ಯಗಾರರಿಗೆ ಅಷ್ಟು ಫಲ ಸಿಗಲಿಲ್ಲ. ನ್ಯಾನ್ಸಿ ಬಿಲ್ ರೂಪಿಸಿದ ಕ್ರಮದಲ್ಲಿ ಕಣ್ಣು ಮುಚ್ಚಿ ಉಬ್ಬು ಆಕಾರಗಳನ್ನು ಬೆರಳ ತುದಿಯಿಂದ ಗುರುತಿಸುವ ಅಭ್ಯಾಸಗಳಿವೆ. ದೋಷ ಕಾಣಿಸದಷ್ಟು ನಿಧಾನಗತಿಯಲ್ಲಿ ನುಡಿಸಿ, ಕ್ರಮೇಣ ವೇಗ ಹೆಚ್ಚಿಸುವುದು ಇನ್ನೊಂದು ಕ್ರಮ. ವಿಳಂಬ ಕಾಲದಲ್ಲಿ ಪಾಠ ಆರಂಭಿಸುವ ನಮ್ಮ ವಾದಕರಿಗೆ ಇದು ತೀರ ಅಪರಿಚಿತವೇನಲ್ಲ. ಯಾವ ಕ್ರಮದಲ್ಲೂ ಪೂರ್ಣ ಗುಣ ಖಚಿತವಲ್ಲ.

ಇತರ ಚಿಕಿತ್ಸೆ

ಬೊಟುಲಿನಮ್ ಚುಚ್ಚುಮದ್ದನ್ನೂ ಬಳಸುತ್ತಾರೆ. 1960ರ ದಶಕದಲ್ಲಿ ಬಲಗೈಯ ಹತೋಟಿ ಕಳೆದುಕೊಂಡ ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್, ದಶಕಗಳ ಕಾಲ ಎಡಗೈಯ ಕೃತಿಗಳನ್ನೇ ನುಡಿಸಿ, ಈ ಚುಚ್ಚುಮದ್ದು ಮತ್ತು ಅಂಗಮರ್ದನದ ನೆರವಿನಿಂದ ಎರಡೂ ಕೈಗಳ ವಾದನಕ್ಕೆ ಮರಳಿದರು. ಅವರ ‘ಟೂ ಹ್ಯಾಂಡ್ಸ್’ ಧ್ವನಿಮುದ್ರಿಕೆ 2004ರಲ್ಲಿ ಬಂದಿತು.

ಜುಲೈ 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಡಗೈ ಬೆರಳುಗಳ ಡಿಸ್ಟೋನಿಯಾ ಇದ್ದ ಗಿಟಾರ್ ವಾದಕರೊಬ್ಬರಿಗೆ ಥಾಲಮಸ್ ಭಾಗದ ಶಸ್ತ್ರಚಿಕಿತ್ಸೆ ನಡೆಯಿತು. ದೋಷ ನುಡಿಸುವಾಗಲಷ್ಟೇ ಗೋಚರಿಸುವುದರಿಂದ ರೋಗಿಯನ್ನು ಎಚ್ಚರದಲ್ಲಿಟ್ಟು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಗಿಟಾರ್ ನುಡಿಸಲು ಹೇಳಿ, ಬೆರಳುಗಳು ಸಡಿಲಗೊಳ್ಳುವುದನ್ನು ಗಮನಿಸುತ್ತ ವೈದ್ಯರು ಕೆಲಸ ಮಾಡಿದರು.